ಪಿಟೀಲಿಗೆ ಸತ್ತ ಮುದ್ದಮ್ಮ

ಮಳವಳ್ಳಿಯ ಬೀಗರೂಟಕ್ಕೆ ಬರುವುದಿಲ್ಲವೆಂದು ವನಜಾ ಹೇಳಿದಾಗ ಅತ್ತೆ ಮುದ್ದಮ್ಮ ಅವಳ ಹಣೆ ಮುಟ್ಟಿ ನೋಡಿದಳು. ಬಿಸಿ ಇರಲಿಲ್ಲ.

"ಒಟ್ಟೆ ತೊಳಸ್ತದೆ ಕಣತ್ತೆ," ಎಂದಳು ವನಜಾ. ದುದ್ದದ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ನರ್ಸಾಗಿ ದುಡಿದವಳಿಗೆ ಥರ್ಮಾಮೀಟರಿಗೆ ಸಿಗದ ಕಾಯಿಲೆ ಯಾವುದೆಂದು ಚೆನ್ನಾಗಿ ಗೊತ್ತಿತ್ತು.

ಕಾರು ಹತ್ತಿದರೆ ಮುದ್ದಮ್ಮನಿಗೆ ವಾಂತಿ. ವನಜಾಳ ಗಂಡ ಚಲುವರಾಜು ತಾಯಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಮುಖಕ್ಕೆ ಒದ್ದೆ ಬಟ್ಟೆ ಹೊದಿಸಿ ಹೊರಟ. ವನಜಾ ಬಾಗಿಲು ಹಾಕಿಕೊಂಡು, ನೈಟಿಯಲ್ಲೇ ಸೋಫಾದ ಮೇಲೆ ಕಾಲು ಚಾಚಿದಳು.

ಲಸಿಕೆ ಡಬ್ಬ ಹೊತ್ತು ಬಸ್ಸಿನಲ್ಲಿ ಹೋಗುವಾಗ ಒಮ್ಮೆ ಮೊಬೈಲಿನಲ್ಲಿ ಅಕಸ್ಮಾತ್ತಾಗಿ ಕೇಳಿದ ಪಿಟೀಲು ಕಚೇರಿಯೊಂದು ಅವಳಿಗೆ ಹುಚ್ಚು ಹಿಡಿಸಿತ್ತು. ರಾಗದ ಹೆಸರು ಒಂದೂ ತಿಳಿಯದು. ಮನೆಯಲ್ಲಿ ಹಾಕಿದರೆ ಅತ್ತೆ, "ಕುಯ್ಯೋದ ನಿಲ್ಸವ್ವ, ಬೆಕ್ಕಿನ ಬಾಲ ತುಳ್ದಂಗಾಯ್ತದೆ," ಅನ್ನುತ್ತಿದ್ದಳು. ಇವತ್ತಿಗೆಂದೇ ಮೂರು ದೊಡ್ಡ ಕಚೇರಿಗಳನ್ನು ಕೂಡಿಟ್ಟಿದ್ದಳು.

ಸ್ಪೀಕರಿನಲ್ಲಿ ಕಮಾನು ಒಂದೇ ಸ್ವರವನ್ನು ಬೆಲ್ಲದ ಪಾಕದ ಎಳೆಯಂತೆ ಎಳೆಯುತ್ತ ಹೋಯಿತು. ಕಡಿಯಿತು ಅನ್ನುವಷ್ಟರಲ್ಲಿ ಅದರಿಂದಲೇ ಇನ್ನೊಂದು ಎಳೆ ಎದ್ದಿತು. ವನಜಾ ಕಣ್ಣು ಮುಚ್ಚಿದಳು. ಮೊದಲ ಕಚೇರಿ ಮುಗಿಯುತ್ತ ಬಂದಾಗ ಯಾರೋ ಬಾಗಿಲು ದಬದಬ ಬಡಿದರು.

ಪಕ್ಕದ ಮನೆಯ ಚಿಕ್ಕಬೋರಮ್ಮ. ಬಾಯಿಗೆ ಸೆರಗು, ಬೆನ್ನಿಗೆ ಇನ್ನೂ ನಾಲ್ಕು ಹೆಂಗಸರು.

"ಎಷ್ಟೊತ್ಗೆ ಓಯ್ತವ್ವ ಜೀವ?"

"ಯಾರ್ದಕ್ಕ?"

"ನಿಮ್ಮತ್ತೆದು. ಮುಕಕ್ಕೆ ಬಟ್ಟೆ ಆಕಿ ಕಾರ್ನಾಗೆ ತಕ್ಕೊಂಡೋದ್ರು. ಆಮೇಲೆ ನೀನು ಟೀವಿಲಿ ದೊಡ್ಡೋರು ಸತ್ರೆ ಆಕ್ತಾರಲ್ಲ, ಆ ಪಿಟೀಲ ಆಕ್ದೆ. ಇನ್ನೇನಂತ ತಿಳ್ಕಳಾನ?"

ವನಜಾ ಗಂಡನಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದಳು. ಮಾತಾಡಿದ್ದು ಮುದ್ದಮ್ಮ, ಬಾಯಿ ತುಂಬ ತುತ್ತು. "ಚಿಕ್ಕಬೋರಿ ಪೋನ್ ಮಾಡಿದ್ಲಂತೆ, ಅವ್ಳ ತಂಗಿ ಇಲ್ಲಿ ನನ್ ಎದ್ರಿಗೇ ಕೂತ್ಕೊಂಡು, ನೀನು ಸತ್ತೋದ್ಯಂತೆ ಅಂತಾವ್ಳೆ. ಚಾಪ್ಸು ಬಡಿಸ್ತಾವ್ರೆ. ಆಮೇಲೆ ಮಾಡು."

ಒಲೆಯ ಮೇಲಿನ ಸಾರು ಇಳಿಸಿ ಓಡಿಬಂದಿದ್ದ ನಾಲ್ವರೂ ಮುಖ ಸಿಂಡರಿಸಿಕೊಂಡು ಹೋದರು. ಚಿಕ್ಕಬೋರಮ್ಮ ಮಾತ್ರ ಒಳಗೆ ಬಂದು ಗೋಡೆಗೆ ಒರಗಿದಳು.

"ಅಳಾಕೆ ಅಂತ ಬಂದಿವ್ನಿ. ಅದ್ನ ಮೊದ್ಲಿಂದ ಆಕು."

ಒಂಟಿಯಾಗಿ ಕೇಳುವ ಆಸೆಗೆ ಎಳ್ಳುನೀರು ಬಿಟ್ಟು ವನಜಾ ಹಾಕಿದಳು. ಆ ಎಳೆ ಮತ್ತೆ ಎದ್ದಿತು. ಸ್ವಲ್ಪ ಹೊತ್ತಿಗೆ ಚಿಕ್ಕಬೋರಮ್ಮನ ಕೆನ್ನೆ ನಿಜವಾಗಿಯೇ ಒದ್ದೆಯಾಗಿತ್ತು.

"ಯಜಮಾನ್ರ ಗ್ಯಾನ ಬಂತಾಕ್ಕ?" ವನಜಾ ಮೆಲ್ಲಗೆ ಕೇಳಿದಳು.

"ಅವ್ನು ಸತ್ತಾಗ್ಲೇ ಒಂದ್ ತೊಟ್ಟು ಬರ್ನಿಲ್ಲ. ಬಡ್ಡೀಮಗ ಅಂಗಿದ್ದ. ಇದು ಯಾರ್ಗೂ ಅಲ್ಲ ಕಣವ್ವ. ಸುಮ್ನೆ ಬತ್ತಾದೆ."

ವನಜಾಳಿಗೂ ಬಸ್ಸಿನಲ್ಲಿ ಹಾಗೆಯೇ ಆಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಅವಳೆದ್ದು ಎರಡು ಲೋಟ ಕಾಫಿ ಮಾಡಿದಳು. ಎರಡನೆಯ ಕಚೇರಿಯಲ್ಲಿ ಪಿಟೀಲು ಮೃದಂಗಗಳು ಒಂದರ ಹಿಂದೊಂದು ಓಡತೊಡಗಿದಾಗ ಚಿಕ್ಕಬೋರಮ್ಮ, "ಇವುನ್ನ ನಾಯಿ ಅಟ್ಟಿಸ್ಕಂಡ್ ಬತ್ತಾವ?" ಎಂದು ಕಿಸಕ್ಕನೆ ನಕ್ಕಳು.

ಸಂಜೆ ಮುದ್ದಮ್ಮ ಬಂದಿಳಿದಾಗ ಮೂರನೆಯದು ನಡೆದಿತ್ತು.

"ಸತ್ತೋಳು ಬಂದಿವ್ನಿ. ಯಾರವ್ವ ಅತ್ತೋರು?" ಎಂದು ಬಾಗಿಲಲ್ಲೇ ಶುರು ಮಾಡಿದಳು.

"ಸುಮ್ಕೆ ಕೂತ್ಕೊ ಮುದ್ದಕ್ಕ," ಎಂದಳು ಚಿಕ್ಕಬೋರಮ್ಮ ತಿರುಗಿಯೂ ನೋಡದೆ. "ಸತ್ತೋರು ಮಾತಾಡ್ಬಾರ್ದು."

ಮುದ್ದಮ್ಮ ಸೋಫಾದ ತುದಿಯಲ್ಲಿ ಕುಳಿತಳು. ವನಜಾ ಸದ್ದನ್ನು ಇನ್ನಷ್ಟು ಏರಿಸಿದಳು.