ಅಂಚಿನ ನಿಮಿಷಗಳು

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಲೆಕ್ಕದ ಮೇಷ್ಟ್ರು ಮನೆಯ ಮುಂದಿನ ಹಜಾರದ ಬಾಗಿಲು ತೆಗೆದು ಕುರ್ಚಿಗಳನ್ನು ಒರೆಸತೊಡಗಿದರು. ಮರದ ಕುರ್ಚಿಗಳು, ಒಟ್ಟು ಇಪ್ಪತ್ತನಾಲ್ಕು. ಪ್ರತಿಯೊಂದರ ಬೆನ್ನಿಗೂ ಬಿಳಿ ಬಣ್ಣದಲ್ಲಿ ಒಂದೊಂದು ಅಂಕಿ. ಹನ್ನೊಂದು ವರ್ಷದ ಹಿಂದೆ ಅವರೇ ನೆಲದ ಮೇಲೆ ಕೂತು ಬರೆದದ್ದು. ಕಳೆದ ವಾರದ ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ಒಂದನೆಯ ಕುರ್ಚಿ, ಕಡೆಗೆ ಬಂದವರಿಗೆ ಬಾಗಿಲ ಪಕ್ಕದ ಇಪ್ಪತ್ತನಾಲ್ಕನೆಯದು. ಒಂದು ಸೋಮವಾರ ಯಾರಾದರೂ ತಪ್ಪಿಸಿಕೊಂಡರೆ, ಕಾರಣ ಏನೇ ಇರಲಿ, ಮುಂದಿನ ವಾರ ಅವರೂ ಬಾಗಿಲ ಕಡೆಗೇ.

ಏಳನೆಯ ಕುರ್ಚಿಯನ್ನು ಅವರು ಎಲ್ಲಕ್ಕಿಂತ ಕಡೆಯಲ್ಲಿ ಒರೆಸಿದರು. ಅದರಲ್ಲಿ ಯಾರೂ ಕೂರುತ್ತಿರಲಿಲ್ಲ. ಗೋಡೆಗೆ ಅಂಟಿಸುವ ಪಟ್ಟಿಯಲ್ಲಿ ಆರರ ಕೆಳಗೆ ಎಂಟು ಬರುತ್ತಿತ್ತು. ಹೊಸದಾಗಿ ಸೇರಿದ ಮಕ್ಕಳು ಮೊದಲ ದಿನ ಏಳು ಎಲ್ಲಿ ಹೋಯಿತು ಎಂದು ಕೇಳುತ್ತಿದ್ದರು. ಹಳಬರು ಅವರ ತೋಳು ಹಿಡಿದು ಸುಮ್ಮನಾಗಿಸುತ್ತಿದ್ದರು. ಎರಡನೆಯ ದಿನ ಯಾರೂ ಕೇಳುತ್ತಿರಲಿಲ್ಲ.

ಆ ಕುರ್ಚಿಯ ಒಂದು ಕಾಲು ಕೂದಲೆಳೆಯಷ್ಟು ಗಿಡ್ಡ. ಹೆಚ್ಚಿನ ವಾರ ಏಳನೆಯವಳಾಗಿ ಬಂದು ಅದರಲ್ಲಿ ಕೂರುತ್ತಿದ್ದವಳು ಯೋಚನೆಗೆ ಬಿದ್ದಾಗ ತೂಗಾಡುತ್ತಿದ್ದಳು. ಟಕ್, ಟಕ್. ಮೇಷ್ಟ್ರು ಆ ಕಾಲಿನ ಕೆಳಗೆ ರಟ್ಟು ಮಡಿಸಿ ಇಟ್ಟು ಒಂದು ವರ್ಷದ ಮೇಲಾಗಿತ್ತು. ಆದರೂ ಮಕ್ಕಳೆಲ್ಲ ತಲೆ ತಗ್ಗಿಸಿ ಬರೆಯುವಾಗ ಆ ಸದ್ದು ಅವರಿಗೆ ಕೇಳಿಸುತ್ತಿತ್ತು. ‘ಭಗವಂತಾ, ಇದೊಂದನ್ನು ನಿಲ್ಲಿಸು’ ಎಂದು ದಿನವೂ ಎದ್ದ ಕೂಡಲೇ ಬೇಡಿಕೊಳ್ಳುತ್ತಿದ್ದರು. ಬೇಡಿಕೊಂಡ ಮೇಲೆ, ಅದು ನಿಂತೇ ಹೋದರೆ ತಮಗೆ ಇನ್ನೇನು ಉಳಿಯುತ್ತದೆ ಎಂದು ಹೆದರುತ್ತಲೂ ಇದ್ದರು.

ಅವಳು ಅವರ ಒಬ್ಬಳೇ ಮಗಳು. ಮನೆಯಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು.

ಆ ಊರಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹಿಂದೆಲ್ಲ ಒಂದು ಸೀಟಿಗೆ ನಾಲ್ಕೈದು ಮಂದಿ ಅರ್ಜಿ ಹಾಕುತ್ತಿದ್ದರು. ಈಗ ನಲವತ್ತು ದಾಟಿತ್ತು. ಒಳ್ಳೆಯ ಓದು, ಬಡವರ ಮಕ್ಕಳಿಗೂ ಎಟುಕುವ ಓದು, ಹತ್ತಿರದಲ್ಲಿ ಇನ್ನೆಲ್ಲೂ ಸಿಕ್ಕದ ಓದು. ಬಸ್ಸು ಅದರ ಗೇಟಿನ ಮುಂದೆ ಹಾಯುವಾಗ ತಾಯಂದಿರು ಕಣ್ಣು ಮುಚ್ಚಿ ಏನೋ ಗೊಣಗಿಕೊಳ್ಳುವುದನ್ನು ಮೇಷ್ಟ್ರು ಕಂಡಿದ್ದರು. ಅವರ ಹಜಾರದಿಂದ ಪ್ರತಿ ವರ್ಷ ಏಳೆಂಟು ಮಕ್ಕಳು ಆ ಗೇಟಿನೊಳಗೆ ಹೋಗುತ್ತಿದ್ದರು. ಅದಕ್ಕೆ ಕಾರಣ ಅವರ ‘ಅಂಚು’ ಎಂದು ಊರೆಲ್ಲ ಹೇಳುತ್ತಿತ್ತು. ಪ್ರತಿ ಲೆಕ್ಕ ಮುಗಿಸಿದ ಕೂಡಲೇ ಹಾಳೆಯ ಎಡ ಅಂಚಿನಲ್ಲಿ ಅದಕ್ಕೆ ಎಷ್ಟು ನಿಮಿಷ ಹಿಡಿಯಿತು ಎಂದು ಬರೆಯಬೇಕು. ಇದು ಅವರು ಕಂಡುಕೊಂಡ ಕ್ರಮ.

“ಉತ್ತರ ತಪ್ಪಾದ್ರೆ ಕ್ಷಮಿಸ್ತೀನಿ. ನಿಮಿಷದಲ್ಲಿ ಸುಳ್ಳು ಬರೆದ್ರೆ ಮಾತ್ರ ಕ್ಷಮಿಸಲ್ಲ,” ಎನ್ನುತ್ತಿದ್ದರು. ಮಕ್ಕಳು ಸುಳ್ಳು ಬರೆಯುತ್ತಲೂ ಇರಲಿಲ್ಲ.

ಆರೂ ಇಪ್ಪತ್ತಕ್ಕೆ ಒಬ್ಬೊಬ್ಬರಾಗಿ ಬಂದು ಪಟ್ಟಿಯ ಮುಂದೆ ಮುಗಿಬಿದ್ದರು. ಬಸ್ ಕಂಡಕ್ಟರ ಮಗಳು ಮಾತ್ರ ದೂರದಿಂದಲೇ ನೋಡಿ ತನ್ನ ಕುರ್ಚಿಗೆ ಹೋದಳು. ತಂದೆಯ ಕೆಲಸದ ದೆಸೆಯಿಂದ ಅವಳಿಗೆ ಗೆಳತಿಯರು ‘ರೈಟ್’ ಎಂದು ಹೆಸರಿಟ್ಟಿದ್ದರು.

“ಏ ರೈಟ್, ಇವತ್ತು ಎಷ್ಟನೇ ಸ್ಟಾಪಲ್ಲಿ ಇಳಿದೆ?”

“ಹನ್ನೊಂದು.”

“ಹೋದ ವಾರ ಮೂರಿತ್ತಲ್ಲೇ! ನಿಮ್ಮಪ್ಪ ಬಸ್ಸನ್ನ ಹಿಂದಕ್ಕೆ ಓಡಿಸ್ತಿದ್ದಾರಾ?”

“ಅಪ್ಪ ಓಡಿಸಲ್ಲ ಕಣೇ, ಬರೀ ಸೀಟಿ ಊದ್ತಾರೆ,” ಎಂದು ಹುಡುಗಿ ನಗಲು ನೋಡಿದಳು. ತುಟಿ ಒಣಗಿತ್ತು. ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದರೆ ಅವಳು ದುಪಟ್ಟಾವನ್ನು ಮೈತುಂಬ ಬಿಗಿಯಾಗಿ ಸುತ್ತಿಕೊಂಡಿದ್ದಳು.

ಆರೂವರೆಗೆ ಪರೀಕ್ಷೆ ಶುರುವಾಯಿತು. ಮೇಷ್ಟ್ರು ಕೈಗಳನ್ನು ಹಿಂದೆ ಕಟ್ಟಿ ಕುರ್ಚಿಗಳ ನಡುವೆ ಓಡಾಡಿದರು. ನಲವತ್ತು ನಿಮಿಷ ಕಳೆದ ಮೇಲೆ ಹನ್ನೊಂದನೆಯ ಕುರ್ಚಿಯ ಹಿಂದೆ ಬಂದಾಗ ಅಭ್ಯಾಸದಂತೆ ಅವರ ಕಣ್ಣು ಉತ್ತರವನ್ನು ಬಿಟ್ಟು ಅಂಚಿಗೆ ಹೋಯಿತು. ನಾಲ್ಕು. ಮೂರು. ಐದು. ಹನ್ನೊಂದು. ಅದರ ಕೆಳಗಿನ ಲೆಕ್ಕ ಅರ್ಧಕ್ಕೆ ನಿಂತಿತ್ತು. ಅಂಚು ಖಾಲಿ.

ಮೇಷ್ಟ್ರು ಅಲ್ಲೇ ನಿಂತರು.

ಹದಿನೈದು ತಿಂಗಳ ಹಿಂದಿನ ಆ ಸೋಮವಾರವೂ ಹೀಗೆಯೇ ಇತ್ತು. ಬೆಳಿಗ್ಗೆ ಗುಬ್ಬಿ “ಅಪ್ಪಾ, ಹೊಟ್ಟೆ ಯಾಕೋ ನೋಯ್ತಿದೆ” ಎಂದಿದ್ದಳು. “ಪರೀಕ್ಷೆ ದಿನ ಎಲ್ಲರಿಗೂ ನೋಯುತ್ತೆ. ನೀನು ಬರಲಿಲ್ಲ ಅಂದ್ರೆ, ಮಗಳು ಅಂತ ಬಿಟ್ಟರು ಅಂತಾರೆ. ನಡಿ,” ಎಂದಿದ್ದರು. ಅವಳು ಕೂತು ಬರೆದಳು. ಮಧ್ಯೆ ಒಮ್ಮೆ ಇವರು ಹತ್ತಿರ ಹೋದಾಗ “ಏನಿಲ್ಲಪ್ಪಾ, ಬರೀತೀನಿ” ಎಂದಳು. ಆಮೇಲೆ ಒಳಗೆ ಹೋಗಿ ಮಲಗಿದಳು. ಇವರು ಮಧ್ಯಾಹ್ನ ಹಾಳೆಗಳನ್ನು ತಿದ್ದಿದರು. ಅವಳ ಹಾಳೆಯ ಅಂಚಿನಲ್ಲಿ ನಾಲ್ಕು, ನಾಲ್ಕು, ಒಂಬತ್ತು, ಹದಿನೇಳು ಎಂದಿತ್ತು. ಹದಿನೇಳರ ಪಕ್ಕದಲ್ಲಿ ಇವರು ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದರು. ಸಂಜೆಗೆ ಅವಳ ಮೈ ಕೆಂಡವಾಯಿತು. ಆಸ್ಪತ್ರೆಯಲ್ಲಿ, ಕರುಳಿನ ತುದಿಯ ಅಪೆಂಡಿಕ್ಸ್ ಒಡೆದು ಎಷ್ಟೋ ಹೊತ್ತಾಗಿದೆ, ಬೆಳಿಗ್ಗೆಯೇ ತರಬಾರದಿತ್ತೇ ಎಂದರು. ಮೂರನೆಯ ದಿನ ದೇವರು ಅವಳನ್ನು ಕರೆದುಕೊಂಡ.

ಆ ಹಾಳೆಯನ್ನು ಮೇಷ್ಟ್ರು ಮೇಜಿನ ಖಾನೆಯಲ್ಲಿ ಬೀಗ ಹಾಕಿ ಇಟ್ಟಿದ್ದರು. ಹೆಂಡತಿಗೂ ತೋರಿಸಿರಲಿಲ್ಲ.

“ಏನಮ್ಮಾ? ಹುಷಾರಿಲ್ವಾ?” ಎಂದು ಈಗ ಅವರು ಬಗ್ಗಿ ಕೇಳಿದರು.

“ಏನಿಲ್ಲ ಸಾರ್, ಬರೀತೀನಿ,” ಎಂದಳು ಕಂಡಕ್ಟರ ಮಗಳು.

ಟಕ್, ಟಕ್. ಮೇಷ್ಟ್ರು ಏಳನೆಯ ಕುರ್ಚಿಯ ಕಡೆ ತಿರುಗಿ ನೋಡಿದರು. ಅದು ಅಲುಗದೆ ನಿಂತಿತ್ತು. ಹುಡುಗಿಯ ಹಣೆ ಮುಟ್ಟಿದರೆ ಕಾದ ಹೆಂಚು.

“ಏಳು. ಸಾಕು, ಏಳು.”

“ಸಾರ್, ಇನ್ನೂ ಇಪ್ಪತ್ತು ನಿಮಿಷ ಇದೆ ಸಾರ್! ಬಾಗಿಲ ಹತ್ರ ಹಾಕ್ಬೇಡಿ ಸಾರ್, ಅಪ್ಪಂಗೆ ಏನು ಹೇಳ್ಲಿ?” ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಮೇಷ್ಟ್ರು ಎಳೆಯಲಿಲ್ಲ. ಅವಳನ್ನು ಹಾಳೆಯ ಸಮೇತ ಎಬ್ಬಿಸಿ ಒಳಗೆ ನಡೆಸಿಕೊಂಡು ಹೋದರು. ಹದಿನೈದು ತಿಂಗಳಿಂದ ಮುಚ್ಚಿದ್ದ ಗುಬ್ಬಿಯ ಕೋಣೆಯ ಬಾಗಿಲನ್ನು ಅವರ ಹೆಂಡತಿ, ಒಂದು ಮಾತನ್ನೂ ಕೇಳದೆ, ತೆಗೆದರು.

ಎದುರು ಬೀದಿಯ ಡಾಕ್ಟರು ಬಂದು ನೋಡಿದರು. ಸೋಂಕು ಏರಿದೆ, ಒಂದು ವಾರದಿಂದಲೇ ಜ್ವರ ಇರಬೇಕು, ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಎಂದು ಔಷಧಿ ಕೊಟ್ಟರು. ಮೇಷ್ಟ್ರು ಹಜಾರಕ್ಕೆ ಬಂದು ಎಲ್ಲರಿಗೂ “ಮನೆಗೆ ಹೋಗಿ” ಎಂದರು. ಒಂದನೆಯ ಕುರ್ಚಿಯ ಹುಡುಗ “ಸಾರ್, ಮಾರ್ಕ್ಸು?” ಎಂದು ಕೇಳಿದ. ಅವರು ಬಾಗಿಲನ್ನು ಪೂರ್ತಿ ತೆರೆದು ಹಿಡಿದರು.

ಮೊದಲ ಪಾಳಿ ಮುಗಿಸಿಕೊಂಡು ಕಂಡಕ್ಟರು ಖಾಕಿ ಅಂಗಿಯಲ್ಲೇ ಓಡಿ ಬಂದರು. ಮಗಳು ನಿದ್ದೆಯಲ್ಲಿದ್ದುದನ್ನು ನೋಡಿ, ಉಸಿರು ಬಿಟ್ಟು, ಹಜಾರಕ್ಕೆ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಸಿದರು.

“ಜ್ವರ ಅಂತ ಗೊತ್ತಿತ್ತಾ ನಿಮಗೆ?” ಎಂದು ಮೇಷ್ಟ್ರು ಕೇಳಿದರು.

“ಗೊತ್ತಿತ್ತು ಸಾರ್.”

“ಗೊತ್ತಿದ್ದೂ ಕಳಿಸಿದಿರಾ?”

ಕಂಡಕ್ಟರು ತಲೆ ಎತ್ತಿದರು. “ಇದನ್ನ ನೀವು ಕೇಳ್ತೀರಾ ಸಾರ್? ರೂಲ್ ಯಾರದ್ದು? ಒಂದು ಸೋಮವಾರ ತಪ್ಪಿದ್ರೆ ಬಾಗಿಲ ಹತ್ರ ಅಂದೋರು ನೀವೇ ತಾನೆ. ನನ್ನ ಮಗಳು ಹತ್ತರಿಂದ ಮೂರಕ್ಕೆ ಬರೋಕೆ ಐದು ತಿಂಗಳು ಬೇಕಾಯ್ತು. ದಿನಾ ಎಂಟು ಸಲ ಆ ಗೇಟಿನ ಮುಂದೆ ಬಸ್ಸು ನಿಲ್ಲಿಸ್ತೀನಿ. ‘ಯೂನಿವರ್ಸಿಟಿ, ಯೂನಿವರ್ಸಿಟಿ’ ಅಂತ ಕೂಗೋನು ನಾನು. ಇಳಿಯೋರು ಊರವರ ಮಕ್ಕಳು. ಒಂದು ದಿನ ನನ್ನ ಮಗಳೂ ಅಲ್ಲಿ ಇಳಿಯಲಿ ಅಂತ ಆಸೆ ಪಟ್ಟಿದ್ದು ತಪ್ಪಾ? ಒಂದು ಮಾರ್ಕಿಗೆ ಆರುನೂರು ಮಕ್ಕಳು ಹಿಂದೆ ಬೀಳ್ತಾರಂತೆ. ಜ್ವರ ಅಂದ್ರೆ ಆ ಸೀಟು ಕಾಯುತ್ತಾ?”

“ಕಾಯಲ್ಲ,” ಎಂದರು ಮೇಷ್ಟ್ರು.

“ಮತ್ತೆ?”

ಆತ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮೇಷ್ಟ್ರು ಎದ್ದು ಜನಿವಾರದ ಹಾಗೆ ಕೊರಳಲ್ಲೇ ಹಾಕಿಕೊಂಡಿದ್ದ ದಾರದಿಂದ ಬೀಗದ ಕೈ ಬಿಚ್ಚಿ, ಮೇಜಿನ ಖಾನೆ ತೆಗೆದು, ಹಾಳೆಯನ್ನು ಕಂಡಕ್ಟರ ಕೈಗೆ ಕೊಟ್ಟರು.

“ನನಗೆ ಲೆಕ್ಕ ಬರಲ್ಲ ಸಾರ್.”

“ಲೆಕ್ಕ ಬೇಡ. ಅಂಚು ನೋಡಿ.”

ಕಂಡಕ್ಟರು ಟಿಕೆಟ್ಟಿನ ಅಂಕಿ ಓದುವವರಂತೆ ಬೆರಳಿಟ್ಟು ಓದಿದರು. “ನಾಲ್ಕು... ನಾಲ್ಕು... ಒಂಬತ್ತು... ಹದಿನೇಳು.” ಅದರ ಪಕ್ಕದ ಕೆಂಪು ಸಾಲನ್ನು ಮೆಲ್ಲಗೆ ಓದಿದರು. “‘ಹದಿನೇಳು ನಿಮಿಷ ಮನಸ್ಸು ಎಲ್ಲಿತ್ತು?’”

“ನನ್ನ ಮಗಳದ್ದು. ಕಡೇ ಪರೀಕ್ಷೆ. ಹೊಟ್ಟೆಯೊಳಗೆ ಏನಾಗ್ತಿದೆ ಅಂತ ಅವಳು ನಿಮಿಷ ನಿಮಿಷಕ್ಕೂ ಬರೆದು ಕೊಟ್ಟಿದ್ದಳು. ನಾನೇ ಕಲಿಸಿದ ಬರಹ. ನನಗೆ ಓದೋಕೆ ಬರಲಿಲ್ಲ.”

ಕಂಡಕ್ಟರು ಹಾಳೆಯನ್ನು ಹಿಂದಕ್ಕೆ ಕೊಡಲು ತಿರುಗಿದಾಗ, ಒಳಬಾಗಿಲಲ್ಲಿ ಮೇಷ್ಟ್ರ ಹೆಂಡತಿ ಗಂಜಿಯ ಲೋಟ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಆಕೆ ಲೋಟವನ್ನು ಕೆಳಗಿಟ್ಟು ಹಾಳೆಯನ್ನು ತೆಗೆದುಕೊಂಡರು. ಮಗಳ ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದರು. ಕೆಂಪು ಅಕ್ಷರವನ್ನು ಮುಟ್ಟಲಿಲ್ಲ.

“ಇದನ್ನ ಅವಳು ನೋಡಿದಳಾ?”

ಹದಿನೈದು ತಿಂಗಳಿಂದ ಮೇಷ್ಟ್ರು ತಮ್ಮನ್ನು ತಾವೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದೊಂದೇ.

“ಗೊತ್ತಿಲ್ಲ ಕಣೇ. ತಿದ್ದಿ ದಿಂಬಿನ ಪಕ್ಕ ಇಟ್ಟಿದ್ದೆ, ಯಾವಾಗ್ಲೂ ಇಡೋ ಹಾಗೆ. ಆಸ್ಪತ್ರೆಗೆ ಎತ್ತಿಕೊಂಡು ಹೋಗೋವಾಗ ಅದು ನೆಲದ ಮೇಲೆ ಬಿದ್ದಿತ್ತು. ತಾನೇ ಬಿತ್ತೋ, ಅವಳು ಓದಿ ಬಿಟ್ಟಳೋ... ಗೊತ್ತಿಲ್ಲ.”

ಆಕೆ ಹಾಳೆಯನ್ನು ಮಡಿಸಿ ಸೆರಗಿನಲ್ಲಿ ಇಟ್ಟುಕೊಂಡು, ಗಂಜಿ ಎತ್ತಿಕೊಂಡು, ಜ್ವರದ ಹುಡುಗಿಯ ಹತ್ತಿರ ಹೋದರು. ಕಂಡಕ್ಟರು ಎದ್ದು ನಿಂತರು. ಆಟೋ ತರಿಸಿ ಮಗಳನ್ನು ಕರೆದುಕೊಂಡು ಹೊರಡುವಾಗ, “ವಾಸಿಯಾಗಲಿ ಸಾರ್. ಅಲ್ಲಿವರೆಗೂ ಕಳಿಸಲ್ಲ. ಬಾಗಿಲ ಹತ್ರ ಕೂರಿಸಿದ್ರೂ ಪರವಾಗಿಲ್ಲ,” ಎಂದರು.

ಆ ವಾರವೆಲ್ಲ ಹೆಂಡತಿ ಮೇಷ್ಟ್ರೊಡನೆ ಮಾತಾಡಲಿಲ್ಲ. ಊಟಕ್ಕೆ ಬಡಿಸುತ್ತಿದ್ದರು, ಪ್ರಾರ್ಥನೆಗೆ ಪಕ್ಕದಲ್ಲಿ ಕೂರುತ್ತಿದ್ದರು, ಅಷ್ಟೇ. ಮೇಷ್ಟ್ರೂ ಕ್ಷಮೆ ಕೇಳಲಿಲ್ಲ. ಕೇಳುವಷ್ಟು ಹಗುರವಾದದ್ದು ಅದಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವರು ಒಂದು ಹಳೆಯ ಚಾಕು ಹಿಡಿದು ಹಜಾರದಲ್ಲಿ ಕೂತರು. ಒಂದನೆಯ ಕುರ್ಚಿಯ ಬೆನ್ನಿನ ಬಣ್ಣ ಕೆರೆಯತೊಡಗಿದರು. ಹನ್ನೊಂದು ವರ್ಷದ ಬಣ್ಣ, ಸುಲಭಕ್ಕೆ ಬಿಡಲಿಲ್ಲ. ಎರಡನೆಯದು ಮುಗಿಯುವ ಹೊತ್ತಿಗೆ ಹಿಂದೆ ಇನ್ನೊಂದು ಕೆರೆತದ ಸದ್ದು ಕೇಳಿಸಿತು. ಹೆಂಡತಿ ಅಡುಗೆಮನೆಯ ಈಳಿಗೆಯ ಮುರುಕು ತಂದು ಇಪ್ಪತ್ತನಾಲ್ಕರಿಂದ ಶುರುಮಾಡಿದ್ದರು. ಇಬ್ಬರೂ ಮಧ್ಯಾಹ್ನದವರೆಗೆ ಕೆರೆದರು. ಆರು ಮುಗಿದ ಮೇಲೆ ಮೇಷ್ಟ್ರ ಕೈ ಮುಂದಕ್ಕೆ ಹೋಗಲಿಲ್ಲ. ಆಕೆಯೇ ಎದ್ದು ಬಂದು, ಏಳನೆಯ ಕುರ್ಚಿಯನ್ನು ಮಡಿಲ ಮೇಲೆ ಒರಗಿಸಿಕೊಂಡು, ಮಗುವಿನ ಬೆನ್ನು ಉಜ್ಜುವ ಹಾಗೆ ಮೆಲ್ಲಗೆ ಕೆರೆದರು. ಕಾಲಿನ ಕೆಳಗಿದ್ದ ರಟ್ಟನ್ನೂ ಕಿತ್ತು ಎಸೆದರು.

“ಇದನ್ನ ಯಾಕೆ ಇಟ್ಟಿರಿ? ಅವಳಿಗೆ ತೂಗಾಡೋದು ಇಷ್ಟ ಇತ್ತು,” ಎಂದರು. ಆ ವಾರದಲ್ಲಿ ಆಕೆ ಆಡಿದ ಮೊದಲ ಮಾತು.

ಸೋಮವಾರ ಗೋಡೆಯ ಮೇಲೆ ಪಟ್ಟಿ ಇರಲಿಲ್ಲ. ಎಲ್ಲಿ ಬೇಕಾದರೂ ಕೂರಿ ಎಂದಾಗ ಮಕ್ಕಳು ಕಕ್ಕಾಬಿಕ್ಕಿಯಾಗಿ ನಿಂತರು. ಎರಡು ವಾರದೊಳಗೆ ಒಂಬತ್ತು ಮಂದಿಯನ್ನು ತಂದೆತಾಯಿಗಳು ಬಿಡಿಸಿಕೊಂಡು ಹೋದರು. “ಪಾಪ, ಮಗಳು ಹೋದ ಮೇಲೆ ಮೇಷ್ಟ್ರಿಗೆ ತಲೆ ನಿಂತಿಲ್ಲ,” ಎಂದು ಒಬ್ಬರು ಗೇಟಿನ ಹೊರಗೇ ಹೇಳಿದ್ದು ಒಳಗೆ ಕೇಳಿಸಿತು. ಮೇಷ್ಟ್ರು ಪಾಠ ನಿಲ್ಲಿಸಲಿಲ್ಲ. ಲೆಕ್ಕಗಳನ್ನು ಸುಲಭ ಮಾಡಲೂ ಇಲ್ಲ. ಗೇಟು ಎಷ್ಟು ಕಿರಿದು ಎಂಬುದು ಅವರಿಗೆ ಗೊತ್ತಿತ್ತು. ಅಂಚಿನ ಕ್ರಮವನ್ನೂ ಬಿಡಲಿಲ್ಲ. ಅದಕ್ಕೆ ಒಂದು ಮಾತು ಮಾತ್ರ ಸೇರಿಸಿದರು. ಹೊತ್ತು ಹೆಚ್ಚು ಹಿಡಿದಿದ್ದರೆ ಯಾಕೆ ಎಂದೂ ಬರೆಯಿರಿ.

ಮೂರನೆಯ ಸೋಮವಾರ ಕಂಡಕ್ಟರ ಮಗಳು ವಾಪಸು ಬಂದಳು. ಸಣ್ಣಗಾಗಿದ್ದಳು. ಅವಳು ಕೂತ ಕುರ್ಚಿ ಹಿಂದೆ ಯಾವುದಾಗಿತ್ತು ಎಂದು ಹೇಳಲು ಈಗ ಅಂಕಿ ಇರಲಿಲ್ಲ. ಆದರೆ ಹಾಳೆ ಕೊಟ್ಟು ಸ್ವಲ್ಪ ಹೊತ್ತಿಗೆ ಟಕ್, ಟಕ್ ಎಂದು ಸದ್ದಾಯಿತು. ಮೇಷ್ಟ್ರು ಬೆಚ್ಚಿ ತಿರುಗಿದರು. ಹುಡುಗಿ ಪೆನ್ನಿನ ತುದಿ ಕಚ್ಚಿಕೊಂಡು ತೂಗಾಡುತ್ತಿದ್ದಳು. ತಲೆ ಎತ್ತಿ, “ಸದ್ದು ಮಾಡ್ಬಾರ್ದಾ ಸಾರ್?” ಎಂದಳು.

“ಮಾಡಮ್ಮಾ,” ಎಂದರು. ಒಳಬಾಗಿಲ ಹತ್ತಿರ ಹೆಂಡತಿಯ ಬಳೆಯ ಸದ್ದು ನಿಂತಿತು.

ಮಧ್ಯಾಹ್ನ ಅವರು ಕೆಂಪು ಪೆನ್ನು ಹಿಡಿದು ಹಾಳೆಗಳನ್ನು ನೋಡಿದರು. ಒಂದರ ಅಂಚಿನಲ್ಲಿ ‘ಎಂಟು ನಿಮಿಷ, ಏನೂ ತಿಂದಿಲ್ಲ’. ಇನ್ನೊಂದರಲ್ಲಿ ‘ಹತ್ತು, ನಿನ್ನೆ ಮನೆಯಲ್ಲಿ ಜಗಳ’. ಮತ್ತೊಂದರಲ್ಲಿ ‘ಏಳು, ಲೆಕ್ಕವೇ ತಿಳಿಯಲಿಲ್ಲ’. ಕಂಡಕ್ಟರ ಮಗಳ ಹಾಳೆ ಕಡೆಗೆ ಬಂತು. ಮೂರು. ನಾಲ್ಕು. ನಾಲ್ಕು. ಹನ್ನೆರಡು. ಹನ್ನೆರಡರ ಪಕ್ಕ ಸಣ್ಣ ಅಕ್ಷರದಲ್ಲಿ, ‘ಕಿಟಕಿಯ ಆಚೆ ನೋಡುತ್ತಿದ್ದೆ’ ಎಂದಿತ್ತು.

ಮೇಷ್ಟ್ರು ಆ ಸಾಲನ್ನು ಮತ್ತೊಮ್ಮೆ ಓದಿದರು. ಆಮೇಲೆ ಅದರ ಪಕ್ಕದಲ್ಲಿ ಸರಿ ಎಂದು ಗುರುತು ಹಾಕಿದರು.