ಒಳಗಿನ ಮೂಳೆ, ಹೊರಗಿನ ಮೂಳೆ

"ಎದ್ದೇಳೇ ಮುಂಡೇದೆ! ತಿಕ ಊರೋಕೆ ನಿನಗೆ ಇದೇ ಜಾಗ ಸಿಕ್ತಾ? ಕೆಳಗೆ ಬೆನ್ನುಮೂಳೆ ಇದೆ ಕಣೇ, ಬೆನ್ನುಮೂಳೆ! ಕೋಟಿಗಟ್ಟಲೆ ವರ್ಷದ್ದು!"

ಗಿಡ್ಡಿ ಎದ್ದಳು. ಬೆಳಗಿನಿಂದ ಕುಕ್ಕರಗಾಲಿನಲ್ಲಿ ಕೂತು ಪ್ಲಾಸ್ಟರಿನಲ್ಲಿ ಗೋಣಿಪಟ್ಟಿ ಅದ್ದಿ ಅದ್ದಿ ಅವಳ ಬೆನ್ನುಮೂಳೆಯೂ ಬೆಂಡಾಗಿತ್ತು. ಆದರೆ ಅದಕ್ಕಿನ್ನೂ ನಲವತ್ತೇ ವರ್ಷ, ಯಾರು ಕೇಳುತ್ತಾರೆ.

ಗುಂಡಿಯ ಅಂಚಿನಲ್ಲಿ ಕೊಡೆಯ ಕೆಳಗೆ ನಿಂತು ಕೂಗಿದವನು ಪಳೆಯುಳಿಕೆ ಇಲಾಖೆಯ ಸಾಹೇಬ. ಗುಡ್ಡದ ಸುತ್ತ ತಂತಿಬೇಲಿ ಹಾಕಿಸಿದವನೂ ಅವನೇ, ಗುಡ್ಡದ ಬುಡದ ಗೋದಾಮಿನ ಬೀಗದ ಕೈ ಇಟ್ಟುಕೊಂಡವನೂ ಅವನೇ. ಕಲ್ಲಾಗಿ ಹೋದ ಮೂಳೆಗಳನ್ನು ಮುರಿಯದಂತೆ ಎತ್ತಿಕೊಡುವುದು ಗಿಡ್ಡಿಯಂಥವರ ಕೆಲಸ. ಸುತ್ತಲಿನ ಮಣ್ಣು ಬಿಡಿಸಬೇಕು. ಪ್ಲಾಸ್ಟರು ಮೂಳೆಗೆ ಅಂಟದಿರಲೆಂದು ಮೊದಲು ಒದ್ದೆ ಕಾಗದ ಹೊದಿಸಬೇಕು. ಅದರ ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಪಟ್ಟಿ ಸುತ್ತಬೇಕು. ಒಣಗಿದರೆ ಬಿಳಿಯ ಗಟ್ಟಿ ಮೂಟೆ. ತಲೆ ಯಾವ ಕಡೆಗಿತ್ತು ಎಂದು ಗೊತ್ತಾಗಲು ಅದರ ಮೇಲೊಂದು ಕೆಂಪು ಬಾಣ, ಬಾಣದ ಪಕ್ಕ ಸಾಹೇಬ ತಾನೇ ಬರೆಯುವ ನಂಬರು.

"ಎಲ್ಲಾ ಕಿವಿ ಕೊಟ್ಟು ಕೇಳಿ," ಎಂದ ಸಾಹೇಬ. "ಗೋದಾಮು ತುಂಬೋಯ್ತು. ಅಂಗಳದಲ್ಲಿ ಬಿದ್ದಿರೋ ಮೂಟೆಗಳು ಮಳೆಗೆ ಹಾಳಾಗ್ತವೆ. ನಾಳಿದ್ದು ಅವನ್ನೆಲ್ಲಾ ಹೊತ್ಕೊಂಡು ಬಂದು ಇದೇ ಗುಂಡಿಲಿಡಿ, ಮರಳು ಹರಡಿ, ಮಣ್ಣು ಮುಚ್ಚಿ. ಒಂದ್ಸಲ ಮಣ್ಣು ಬಿತ್ತೋ, ಮುಗೀತು. ನಾನೇ ಬಂದು ತೆಗೀರಿ ಅಂದ್ರೂ ತೆಗೀಬಾರದು. ಮುಂದಿನ ತಲೆಮಾರಿನೋರು ಬರ್ತಾರೆ, ಒಳ್ಳೇ ಯಂತ್ರ ತರ್ತಾರೆ, ಅವರು ತೆಗೀಲಿ. ತಿಳೀತಾ?"

"ತಿಳೀತು ಸ್ವಾಮಿ."

ತಿಳಿಯದೆ ಏನು, ಮಣ್ಣು ಮುಚ್ಚುವುದು ಅವರಿಗೆ ಹೊಸದೇ? ಈ ಗುಡ್ಡ ಮೊದಲು ಅವರು ಕಲ್ಲು ಒಡೆಯುತ್ತಿದ್ದ ಕ್ವಾರಿ. ಗಿಡ್ಡಿಯ ಮಾವ ಒಂದು ದಿನ ಬಂಡೆ ಸೀಳಿದಾಗ ಒಳಗೆ ಅಂಗೈಯಗಲದ ಹಲ್ಲು ಹೊಳೆದಿತ್ತು. ಒಡೆದು ಜಲ್ಲಿ ಮಾಡಿ ಬಾಯಿ ಮುಚ್ಚಿಕೊಂಡಿರುವುದು ಬಿಟ್ಟು, ಆ ಪುಣ್ಯಾತ್ಮ ಅದನ್ನು ಊರಿಗೆಲ್ಲ ತೋರಿಸಿ ಮೆರೆದ. ಹಲ್ಲಿನ ಹಿಂದೆ ಸಾಹೇಬ ಬಂದ, ಸಾಹೇಬನ ಹಿಂದೆ ಬೇಲಿ ಬಂತು. ಕ್ವಾರಿ ನಿಂತಿತು. ಗುಡಿಸಲುಗಳನ್ನು ಕಿತ್ತರು. ಅವರು ತಮ್ಮ ಸತ್ತವರನ್ನು ಹೂಳುತ್ತಿದ್ದ ಗುಡ್ಡದ ಓರೆಯೂ ಬೇಲಿಯೊಳಗೆ ಸೇರಿತು. ಅಷ್ಟು ಹೊತ್ತಿಗೆ ಮಾವ ಅಲ್ಲೇ ಮಣ್ಣು ಸೇರಿದ್ದ, ಈಗಿನ ಗುಂಡಿಯ ಗೋಡೆಯಿಂದ ಒಂದು ಮಾರು ದೂರದಲ್ಲಿ. ಅವನ ತಲೆದೆಸೆಗೆ ನೆಟ್ಟಿದ್ದ ಚಪ್ಪಟೆ ಕಲ್ಲನ್ನು ಸಾಹೇಬನ ಕಡೆಯವರು ಕಿತ್ತು, ಗುಂಡಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ ಹಾರದಂತೆ ಭಾರಕ್ಕೆ ಇಟ್ಟುಕೊಂಡಿದ್ದರು.

ಗುಡಿಸಲು ಹೋದ ಮೇಲೆ ಗಿಡ್ಡಿಯ ಸಂಸಾರ ಗೋದಾಮಿನ ಹಿಂಗೋಡೆಗೆ ಒರಗಿಸಿದ ತಗಡಿನ ಕೆಳಗಿತ್ತು. ಒಳಗೆ ಮೂಳೆಗಳಿಗೆ ಹಗಲೂ ರಾತ್ರಿ ತಂಪು ಹಾಕುವ ಯಂತ್ರದ ಬೆನ್ನು ಸರಿಯಾಗಿ ಇವರ ಕಡೆಗೆ. ಅದು ಉಗುಳುವ ಬಿಸಿಗಾಳಿ ನೇರ ಅತ್ತೆಯ ಮುಖಕ್ಕೆ. ಅತ್ತೆ ಹಾಸಿಗೆ ಹಿಡಿದು ತಿಂಗಳುಗಳಾಗಿದ್ದವು. ಮೈಯೆಲ್ಲ ಇಳಿದಿತ್ತು, ನಾಲಿಗೆ ಮಾತ್ರ ಇಳಿದಿರಲಿಲ್ಲ.

"ಒಳಗಿರೋ ಮೂಳೆಗೆ ತಂಪು, ಹೊರಗಿರೋ ಮೂಳೆಗೆ ಬಿಸಿ," ಎಂದಳು ಅವತ್ತು ಸಂಜೆ. "ನಾನೂ ಒಂದು ಕೋಟಿ ವರ್ಷ ಮೊದ್ಲೇ ಸಾಯ್ಬೇಕಿತ್ತು ಕಣೇ."

"ಸುಮ್ನೆ ಗಂಜಿ ಕುಡಿಯತ್ತೆ."

"ನಿನ್ನ ಗಂಜಿಗಿಷ್ಟು. ನನ್ನ ಆ ಮುದುಕನ ಪಕ್ಕದಲ್ಲೇ ಹಾಕ್ಬೇಕು, ತಿಳೀತಾ? ಹಲ್ಲು ತೋರಿಸಿ ಮನೆ ಹಾಳು ಮಾಡ್ದ ಬೋಳಿಮಗ. ಪಕ್ಕದಲ್ಲಿದ್ರೆ ಬೈಕೊಂಡಾದ್ರೂ ಇರ್ತೀನಿ."

"ಆಯ್ತು."

"ಆಯ್ತು ಅಂದ್ರೆ ಸಾಲ್ದು. ಕೈ ಮೇಲೆ ಕೈ ಇಡು."

ಗಿಡ್ಡಿ ಇಟ್ಟಳು. ಬೇಲಿಯೊಳಗೆ ಹೂಳಲು ಬಿಡುವುದಿಲ್ಲ ಎಂದು ಗೊತ್ತಿದ್ದೂ ಇಟ್ಟಳು. ಮರುದಿನ ಬೆಳಿಗ್ಗೆ ಯಂತ್ರ ಬುಸುಗುಡುತ್ತಲೇ ಇತ್ತು, ಅತ್ತೆಯ ಉಸಿರು ನಿಂತಿತ್ತು.

ಗಂಡ ಊರಿನ ಸ್ಮಶಾನಕ್ಕೆ ಓಡಿದ. ಮಧ್ಯಾಹ್ನ ಜೋಲುಮೋರೆ ಹಾಕಿಕೊಂಡು ಬಂದ. "ಗುಡ್ಡದೋರಿಗೆ ಗುಡ್ಡದಲ್ಲೇ ಜಾಗ ಇದೆಯಲ್ಲಾ, ಇಲ್ಲಿ ಯಾಕೆ ಹೊಲಸು ಮಾಡ್ತೀರಿ ಅಂದ ಸ್ಮಶಾನ ಕಾಯೋನು," ಎಂದ. ಗಿಡ್ಡಿ ಎದ್ದು ಗೋದಾಮಿನ ಬಾಗಿಲಿಗೆ ಹೋಗಿ ನಿಂತಳು. ಧೂಳಿನ ಕಾಲಿನವರು ಹೊಸಿಲು ದಾಟುವಂತಿಲ್ಲ. ಒಳಗಿನ ತಂಪು ಮುಖಕ್ಕೆ ಸೋಕಿದಾಗ ಅವಳಿಗೆ ಅಳು ಬಂತು. ಸಾಹೇಬ ಒಂದು ದವಡೆಯ ಮೂಳೆಯನ್ನು, ಅದರ ಆಕಾರಕ್ಕೇ ಕೊರೆದ ಮೆತ್ತನೆಯ ಹಾಸಿನ ಮೇಲೆ ಮಲಗಿಸುತ್ತಿದ್ದ. ಕೂಸನ್ನು ತೊಟ್ಟಿಲಿಗೆ ಹಾಕುವವರೂ ಅಷ್ಟು ನಿಧಾನ ಮಾಡುವುದಿಲ್ಲ.

"ಸ್ವಾಮಿ, ನಮ್ಮತ್ತೆ ಹೋಗ್ಬಿಟ್ರು."

"ಯಾವಾಗ?"

"ಬೆಳಿಗ್ಗೆ. ಮಾವನ ಪಕ್ಕ ಒಂದಾಳುದ್ದ ಜಾಗ ಕೊಟ್ರೆ..."

"ಬೇಲಿ ಒಳಗಾ? ತಲೆ ಕೆಟ್ಟಿದ್ಯಾ? ರಕ್ಷಿತ ಪ್ರದೇಶ ಕಣೇ ಅದು. ಒಂದು ಹಾರೆ ಹಾಕೋ ಹಾಗಿಲ್ಲ."

"ದಿನಾ ನಾವೇ ಹಾಕ್ತೀವಲ್ಲ ಸ್ವಾಮಿ."

"ನಾಲಿಗೆ ಉದ್ದ ಆಯ್ತು ನಿಂದು." ಸಾಹೇಬ ದವಡೆಯ ಧೂಳನ್ನು ಕುಂಚದಿಂದ ಒರೆಸಿದ. "ಸತ್ತೋರಿಗೆಲ್ಲಾ ಜಾಗ ಕೊಡ್ತಾ ಕೂತ್ರೆ ನಾನು ಇಲಾಖೆ ನಡೆಸ್ದ ಹಾಗೇ. ಹೆಣ ಇಲ್ಲಿ ಇಟ್ಕೋಬೇಡಿ, ಹುಳ ಬಿದ್ರೆ ಗೋದಾಮಿಗೆ ಬರುತ್ತೆ. ನಾಳೆ ಹೊತ್ತು ಹುಟ್ಟೋದ್ರೊಳಗೆ ಸಾಗಿಸಿ. ಆಮೇಲೆ ಮೂಟೆ ಹೊರೋ ಕೆಲ್ಸಕ್ಕೆ ಬನ್ನಿ. ಅಳೋದಿದ್ರೆ ಕೆಲ್ಸ ಮುಗಿಸಿ ಅಳಿ."

ಗಿಡ್ಡಿ ಹಿಂದಕ್ಕೆ ಬಂದಳು. ಅತ್ತೆಯ ಪಕ್ಕ ಕೂತಳು. ಅಂಗಳದಲ್ಲಿ ಬಿಳಿ ಮೂಟೆಗಳು ಸಾಲಾಗಿ ಮಲಗಿದ್ದವು, ಒಂದೊಂದರ ಮೇಲೂ ಕೆಂಪು ಬಾಣ. ಆಮೇಲೆ ಗಂಡನಿಗೆ ಹೇಳಿದಳು:

"ಪ್ಲಾಸ್ಟರ್ ಕಲಸಯ್ಯಾ."

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆದಾಗ ಅವ್ವನ ಕಡೆ ತಿರುಗಿದ. "ಅವ್ವನ್ನಾ? ಸಿಕ್ಕಿಬಿದ್ರೆ ಕೆಲ್ಸ ಹೋಗುತ್ತೆ, ಜೈಲಾಗುತ್ತೆ."

"ಹೋಗ್ಲಿ. ಮಗ ಅಂತ ಹುಟ್ಟಿದೀಯಲ್ಲ, ಕಲಸು."

ಅತ್ತೆಯನ್ನು ಮೀಯಿಸಿ, ಒಗೆದ ಬಟ್ಟೆ ಸುತ್ತಿದರು. ಅದರ ಮೇಲೆ ಗಿಡ್ಡಿ ಒದ್ದೆ ಕಾಗದ ಹೊದಿಸಿದಳು, ಪಕ್ಕಕ್ಕೆ ಕಟ್ಟಿಗೆಯ ಪಟ್ಟಿ ಕೊಟ್ಟಳು, ಗೋಣಿ ಸುತ್ತುತ್ತ ಬಂದಳು. ಯಾವ ಮೂಳೆಗೂ ಅವಳು ಇಷ್ಟು ಅಕ್ಕರೆಯಿಂದ ಸುತ್ತಿರಲಿಲ್ಲ. ಮುಖ ಕೊನೆಗೆ. ಪ್ಲಾಸ್ಟರು ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಅತ್ತೆಯ ಹಣೆಯಿದ್ದ ಕಡೆ ಕೈಯಿಟ್ಟಾಗ ಜ್ವರ ಬಂದವರ ಹಾಗೆ ಬೆಚ್ಚಗಿತ್ತು. ಗಂಡ ಗೋಡೆಗೆ ಮುಖ ಮಾಡಿ ಬಿಕ್ಕಿದ. ಗಿಡ್ಡಿ ಕೆಂಪು ಬಣ್ಣದಲ್ಲಿ ಬಾಣ ಬರೆದು, ಮೂಟೆಯನ್ನು ಅಂಗಳದ ಸಾಲಿನ ಕೊನೆಗೆ ಮಲಗಿಸಿದಳು.

ಬೆಳಿಗ್ಗೆ ಹೊರುವ ಕೆಲಸ ಶುರುವಾಯಿತು. ಆ ಮೂಟೆ ಎತ್ತಿದವರಿಗೆಲ್ಲ ತೂಕದಲ್ಲೇ ತಿಳಿಯಿತು; ಕಲ್ಲು ಹೊತ್ತ ಹೆಗಲುಗಳಿಗೆ ಸುಳ್ಳು ಹೇಳಲಾಗುವುದಿಲ್ಲ. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಬೇಲಿಯ ಕಾವಲುಗಾರ ಮಾತ್ರ, "ನಿಮ್ಮತ್ತೆ ಹೇಗಿದಾಳೆ?" ಎಂದು ಕೇಳಿದ.

"ಜಾಗ ಬದಲಾಯಿಸ್ತಿದಾಳೆ," ಎಂದಳು ಗಿಡ್ಡಿ.

ಗುಂಡಿಯೊಳಗೆ ಮಾವನ ಕಡೆಯ ಗೋಡೆಗೆ ಒತ್ತಿ, ಬಾಣ ಅವನ ತಲೆಯ ದಿಕ್ಕಿಗೆ ಬರುವಂತೆ ಇಟ್ಟರು. ಮೂಟೆಗಳ ಸುತ್ತ ಮರಳು ಹರಡಿದರು. ಗಿಡ್ಡಿ ಮೊದಲ ಬುಟ್ಟಿ ಮಣ್ಣು ಸುರಿದಳು. ಆಗ ಸಾಹೇಬ ಬಂದ. ಬಂದವನ ಕಣ್ಣು ಗೋಡೆ ಬದಿಯ ಆ ಮೂಟೆಯ ಮೇಲೇ ಬಿತ್ತು.

"ಅದಕ್ಕೆ ನಂಬರ್ ಯಾಕಿಲ್ಲ?"

ಅವನು ಇಳಿದು ಬಂದು ಮೂಟೆಯ ಮೇಲೆ ಬೆರಳು ಒತ್ತಿದ. ಪ್ಲಾಸ್ಟರು ಇನ್ನೂ ಹಸಿ. ಅದರ ಉದ್ದ ನೋಡಿದ, ಗಿಡ್ಡಿಯ ಗಂಡನ ಮುಖ ನೋಡಿದ. ಬೆರಳನ್ನು ಸುಟ್ಟುಕೊಂಡವನಂತೆ ಹಿಂದಕ್ಕೆಳೆದುಕೊಂಡ.

"ಥೂ! ಥೂ, ಹಲ್ಕಾ ನನ್ಮಕ್ಳಾ! ತೆಗೀರೋ ಅದನ್ನ! ಈಗಲೇ ತೆಗೀರಿ!"

"ಮಣ್ಣು ಬಿತ್ತಲ್ಲ ಸ್ವಾಮಿ," ಎಂದಳು ಗಿಡ್ಡಿ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. "ನೀವೇ ಬಂದು ತೆಗೀರಿ ಅಂದ್ರೂ ತೆಗೀಬಾರದು ಅಂದಿದ್ರಿ."

ಅವಳ ಹಿಂದಿನಿಂದ ಇನ್ನೊಂದು ಬುಟ್ಟಿ ಸುರಿಯಿತು. ಮತ್ತೊಂದು ಸುರಿಯಿತು. ಸಾಹೇಬ ಹೆಸರು ಹಿಡಿದು ಒಬ್ಬೊಬ್ಬರನ್ನೇ ಬೈದ, ಕೆಲಸ ಕಿತ್ತುಕೊಳ್ಳುತ್ತೇನೆಂದ, ಪೊಲೀಸರನ್ನು ಕರೆಯುತ್ತೇನೆಂದ. ಮಣ್ಣು ಬೂಟಿನವರೆಗೆ ಬಂದಾಗ ಮೇಲೆ ಹತ್ತಿದ, ಫೋನು ಕಿವಿಗಿಟ್ಟು ಆಚೀಚೆ ಓಡಾಡಿದ. ಬುಟ್ಟಿಗಳು ನಿಲ್ಲಲಿಲ್ಲ. ಮೊದಲು ಅಂಜಿದ್ದ ಗಂಡನೇ ಈಗ ಎಲ್ಲರಿಗಿಂತ ಬೇಗ ಬೇಗ ಹೊರುತ್ತಿದ್ದ.

ಗುಂಡಿ ನೆಲಸಮವಾಯಿತು. ಗಿಡ್ಡಿ ಪ್ಲಾಸ್ಟಿಕ್ ಹಾಳೆಯ ಮೇಲಿದ್ದ ಮಾವನ ಕಲ್ಲನ್ನು ಹೊತ್ತು ತಂದು ಇಬ್ಬರ ನಡುವೆ ನೆಟ್ಟಳು. ಆಮೇಲೆ ಹಸಿ ಮಣ್ಣಿನ ಮೇಲೆ ಕೂತಳು.

ರಸ್ತೆಯಲ್ಲಿ ಪೊಲೀಸ್ ಜೀಪಿನ ಧೂಳು ಏಳುತ್ತಿತ್ತು.

"ಎದ್ದೇಳೇ!" ಎಂದು ಸಾಹೇಬ ಕೂಗಿದ. "ಏಯ್, ಎದ್ದೇಳು!"

ಗಿಡ್ಡಿ ಏಳಲಿಲ್ಲ. ಅವಳ ಗಂಡ ಬುಟ್ಟಿ ಕೆಳಗಿಟ್ಟು ಬಂದು ಪಕ್ಕದಲ್ಲಿ ಕೂತ. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದು ಕೂತರು.