ಕರಡಿ ಮನೆಯ ಕೆಂಪು ಬಕೆಟ್

ನಾನು ಒಂದು ತಗಡಿನ ಬಕೆಟ್. ಹಳೇ ಮಾರ್ಕೆಟ್ಟಿನ ಹಿಂದೆ, ತಗಡು ಬಡಿಯುವ ಅಂಗಡಿಗಳ ಸಾಲಿನಲ್ಲಿ ಹುಟ್ಟಿದೆ. ನನ್ನನ್ನು ಮಾಡಿದವರು ದಸ್ತಗೀರ್ ಸಾಬರು. ತಳ ಕೂಡಿಸಿ, ಹಿಡಿ ತೊಡಿಸಿದ ಮೇಲೆ ಬೋರಲು ಹಾಕಿ ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟಿದರು. ನಾನು ಠಣ್ ಎಂದೆ. "ಗಂಟಲು ಚೆನ್ನಾಗಿದೆ ಇದಕ್ಕೆ" ಎಂದು ನಕ್ಕರು. ಯಾರಾದರೂ ಹೊಡೆದರೆ ಮಾತ್ರ ನನಗೆ ದನಿ. ಹೊಡೆಯದಿದ್ದರೆ ಮೂಕ. ಇಷ್ಟು ಗೊತ್ತಿದ್ದರೆ ಮುಂದಿನದು ನಿಮಗೆ ಅರ್ಥವಾಗುತ್ತದೆ.

ಮೊದಲು ಕೊಂಡವರು ಒಂದು ಸಿನಿಮಾ ಟಾಕೀಸಿನವರು. ಕೆಂಪು ಬಣ್ಣ ಬಳಿದು, ಹೊಟ್ಟೆಯ ಮೇಲೆ ಬಿಳಿಯದರಲ್ಲಿ 'ಬೆಂಕಿ' ಎಂದು ಬರೆಸಿ, ಮರಳು ತುಂಬಿ ಗೋಡೆಯ ಕೊಕ್ಕೆಗೆ ನೇತುಹಾಕಿದರು. ನಾನು ಕಲಿತ ಅಕ್ಷರ ಆ ಎರಡೇ. ಹದಿಮೂರು ವರ್ಷ ನೇತಾಡಿದೆ. ಬೆಂಕಿ ಬರಲಿಲ್ಲ. ಬರುತ್ತದೆ ಎಂಬ ಹೆದರಿಕೆ ಮಾತ್ರ ಒಂದು ದಿನವೂ ಬಿಡಲಿಲ್ಲ. ಯಾರೋ ನನ್ನ ಮರಳಿಗೆ ಬೀಡಿ ಚುಚ್ಚಿ ಆರಿಸಿದರೂ ಸಾಕು, ಇವತ್ತೇ ಇರಬೇಕು ಅಂದುಕೊಳ್ಳುತ್ತಿದ್ದೆ.

ಟಾಕೀಸು ಮುಚ್ಚಿತು. ಹಳೇ ಸಾಮಾನಿನ ಜೊತೆ ನಾನು ಒಂದು ಮೃಗಾಲಯಕ್ಕೆ ಬಂದೆ. ಕರಡಿ ಮನೆಯ ಜವರಯ್ಯ ನನ್ನನ್ನು ತಿರುಗಿಸಿ ನೋಡಿ, "ಕೆಂಪಗದೆ, ದೂರಕ್ಕೇ ಕಾಣ್ತದೆ. ಇದು ನಂಗಿರ್ಲಿ" ಎಂದ. ಮತ್ತೆ ಕೊಕ್ಕೆಯೇ ನನ್ನ ಪಾಲಿಗೆ ಬಂತು.

ಆ ಕರಡಿಯ ಹೆಸರು ಚೆಲುವಿ. ಅವಳಿಗೆ ಮಲಗಲು ಹಿಂದೆ ಒಂದು ಕೋಣೆ, ಓಡಾಡಲು ಮುಂದೆ ದೊಡ್ಡ ಅಂಗಳ. ನಡುವೆ ಕಬ್ಬಿಣದ ಬಾಗಿಲು. ಕೋಣೆಯ ಹಿಂದಿನ ಓಣಿಯಲ್ಲಿ ನಿಂತು ಸರಪಳಿ ಎಳೆದರೆ ಬಾಗಿಲು ಮೇಲೇಳುತ್ತದೆ. ಅಲ್ಲಿ ನಿಂತವರಿಗೆ ಅಂಗಳ ಕಾಣುವುದಿಲ್ಲ. ಬೆಳಗ್ಗೆ ಚೆಲುವಿ ಕೋಣೆಯಲ್ಲಿ ತಿನ್ನುವಾಗ ಜವರಯ್ಯ ಅಂಗಳಕ್ಕೆ ಹೋಗಿ ಗುಡಿಸಬೇಕು. ಹೋಗುವ ಮುಂಚೆ ನನ್ನನ್ನು ಸರಪಳಿಯ ಪಕ್ಕದ ಕೊಕ್ಕೆಗೆ ಹಾಕುತ್ತಿದ್ದ. ಜೊತೆಗಾರ ಮರಿಗೌಡ ಕೆಲಸಕ್ಕೆ ಸೇರಿದ ದಿನ ಅವನಿಗೆ ಹೇಳಿದ್ದು ನನಗೆ ನೆನಪಿದೆ.

"ಈ ಬಕೀಟು ಇಲ್ಲಿದ್ರೆ ನಾನು ಒಳಗಿವ್ನಿ ಅಂತ. ಸರಪಳಿ ಮುಟ್ಟಬ್ಯಾಡ."

"ಇಲ್ದಿದ್ರೆ?"

"ಇಲ್ದಿದ್ರೆ ಎಳಿ."

"ನೀನು ಒಳಗೇ ನಿದ್ದೆ ಹೊಡೀತಿದ್ರೆ, ಜವರಣ್ಣ?"

"ಚೆಲುವೀನೇ ಬಂದು ಎಬ್ಬುಸ್ತಾಳೆ ಬುಡು."

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ಸಂಜೆ ಇನ್ನೊಂದು ಕೆಲಸವಿತ್ತು. ಕೋಣೆಯಲ್ಲಿ ಊಟ ಇಟ್ಟು ಜವರಯ್ಯ ಬೀಗದ ಕೈ ಗೊಂಚಲಿನಿಂದ ನನ್ನನ್ನು ಬಡಿಯುತ್ತಿದ್ದ. ಚೆಲುವಿ ಎಲ್ಲಿದ್ದರೂ ಆ ಸದ್ದಿಗೆ ಓಡಿಬರುತ್ತಿದ್ದಳು. ಹೀಗೆ ಹತ್ತು ವರ್ಷ.

ಆ ದಿನ ಸಣ್ಣಗೆ ಜಿನುಗುತ್ತಿತ್ತು. ಜವರಯ್ಯ ತಲೆಯ ಮೇಲೆ ಕರಿಕಂಬಳಿ ಹೊದ್ದು, ಬ್ರಷ್ಷು ಹಿಡಿದು, ಅಂಗಳದ ನೀರಿನ ತೊಟ್ಟಿಯ ಪಾಚಿ ಉಜ್ಜಲು ಹೋದ. ನಾನು ಕೊಕ್ಕೆಯಲ್ಲಿದ್ದೆ. ಚೆಲುವಿ ತಿಂದು ಉಳಿದ ಎರಡು ರಾಗಿಮುದ್ದೆ, ಬಾಳೆಹಣ್ಣು ನನ್ನೊಳಗಿದ್ದವು.

ಮುಂದಿನ ಕಟಕಟೆಯ ಬಳಿ ಶಿಶುವಿಹಾರದ ಮಕ್ಕಳು ಬಂದವು. ಮೂರು ನಾಲ್ಕು ವರ್ಷದವು, ಒಬ್ಬರ ಅಂಗಿ ಇನ್ನೊಬ್ಬರು ಹಿಡಿದುಕೊಂಡು. ಕರೆತಂದವರು ಶಾಹಿದಾ ಮಿಸ್. ಮಕ್ಕಳೆಂದರೆ ಮರಿಗೌಡನಿಗೆ ಪ್ರಾಣ. ಕರಡಿ ಏನು ತಿನ್ನುತ್ತದೆ ಎಂದು ಅವು ಕೇಳಿದ್ದೇ ತಡ, "ತೋರುಸ್ತೀನಿ ಇರಿ" ಎಂದು ಓಣಿಗೆ ಓಡಿಬಂದ. ನನ್ನ ಹಿಡಿಗೆ ಕೈ ಹಾಕಿದ.

ಬೇಡ, ಎಂದೆ. ಹೊಡೆಯದೆ ನನಗೆ ದನಿ ಎಲ್ಲಿಯದು?

ಗೋಡೆ ಸುತ್ತಿ ನನ್ನನ್ನು ಮಕ್ಕಳ ಮುಂದಿಟ್ಟ. "ನೋಡ್ರಪ್ಪ, ಇದು ಚೆಲುವಿ ತಿನ್ನೋ ಮುದ್ದೆ. ನಿಮ್ಮಂಗೆ ಹಟ ಮಾಡಾಕಿಲ್ಲ ಅವ್ಳು. ಈ ಬಕೀಟು ಬಡುದ್ರೆ ಸಾಕು, ಓಡ್ಬತ್ತಾಳೆ." ಮಕ್ಕಳು ಬಗ್ಗಿ ನೋಡಿದವು. ಒಂದು ಮೂಸಿ ಮೂಗು ಮುಚ್ಚಿಕೊಂಡಿತು. "ಕರಡಿ ಬಿಡಿ ಅಂಕಲ್, ಕರಡಿ ಬಿಡಿ!" ಎಂದು ಕುಣಿದವು. ಮರಿಗೌಡ ನನ್ನನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಹೋದ.

ಅವನಿಗೇನು ಕಾಣುತ್ತದೆ ಎಂದು ನನಗೆ ಗೊತ್ತಿತ್ತು. ಬರೀ ಕೊಕ್ಕೆ. ಕೊಕ್ಕೆ ಬರಿದಾಗಿದ್ದರೆ ಎಳಿ. ಹತ್ತು ವರ್ಷ ಕೈಗೆ ಅಂಟಿದ ಅಭ್ಯಾಸ. ಅದನ್ನು ಬರಿದು ಮಾಡಿದವನು ತಾನೇ ಎಂಬುದು ಆ ಗಳಿಗೆಯಲ್ಲಿ ಅವನ ತಲೆಗೆ ಬರಲಿಲ್ಲ.

ಇಂಚರ ಎಂಬ ಮಗು ಕಟಕಟೆಯ ಸಂದಿಯಲ್ಲಿ ಬೆರಳು ತೋರಿಸಿತು. "ಮಿಸ್, ಕರಡಿ! ಅಲ್ಲಿ ಕೂತಿದೆ!"

ತೊಟ್ಟಿಯ ಅಂಚಿನ ಮೇಲೆ ಕರ್ರಗೆ ಒಂದು ಬೆನ್ನು ಅಲ್ಲಾಡುತ್ತಿತ್ತು.

ಮಿಸ್ ಕಣ್ಣು ಕಿರಿದು ಮಾಡಿ ನೋಡಿದರು. "ಅಯ್ಯೋ, ಅದು ಕರಡಿ ಅಲ್ಲ ಚಿನ್ನ. ತಾತ. ಕಂಬಳಿ ಹೊದ್ಕೊಂಡು ಕೆಲಸ ಮಾಡ್ತಿದಾರೆ."

ಮಕ್ಕಳೆಲ್ಲ ಗೊಳ್ಳೆಂದು ನಕ್ಕವು. "ಇಂಚರ ತಾತನ್ನ ಕರಡಿ ಅಂದ್ಳು!"

ಆ ನಗುವಿನ ಹಿಂದೆಯೇ ಸರಪಳಿಯ ಸದ್ದು ಕೇಳಿಸಿತು. ಬಾಗಿಲು ಮೇಲೆದ್ದಿತು. ಚೆಲುವಿ ಹೊರಗೆ ಬಂದು ಮೂಗೆತ್ತಿ ಗಾಳಿ ಹಿಡಿದಳು.

"ಮಿಸ್," ಎಂದಿತು ಇಂಚರ, "ಹಾಗಾದ್ರೆ ಅದು?"

ಮಿಸ್ "ತಾತಾ!" ಎಂದು ಕಿರುಚಿದರು. ಬ್ರಷ್ಷಿನ ಗರಗರದಲ್ಲಿ ಜವರಯ್ಯನಿಗೆ ಕೇಳಲಿಲ್ಲ. ಚೆಲುವಿ ತೊಟ್ಟಿಯ ಕಡೆ ನಡೆದಳು. ಇಪ್ಪತ್ತು ಹೆಜ್ಜೆ ಇರಬಹುದು. ಅನ್ನ ಹಾಕುವವನೇ ಆದರೂ, ಕಂಬಳಿ ಹೊದ್ದು ಬೆನ್ನು ಹಾಕಿ ಕೂತವನನ್ನು ಕರಡಿ ಗುರುತು ಹಿಡಿದು ನಿಲ್ಲುತ್ತದೆಯೇ? ಹದಿನೈದು. ಹತ್ತು.

ಮಿಸ್ ನನ್ನತ್ತ ನೋಡಿದರು. ಪಕ್ಕದ ಮಗುವಿನ ಸ್ಟೀಲಿನ ಟಿಫನ್ ಡಬ್ಬಿ ಕಿತ್ತುಕೊಂಡು ನನ್ನನ್ನು ಬಡಿದರು. ಠಣ್. ಜೀವಮಾನದಲ್ಲಿ ಹೊಡೆತ ಬೇಕು ಎಂದು ನಾನು ಬೇಡಿದ್ದು ಅವತ್ತೊಂದೇ ದಿನ. ಇನ್ನೂ ಜೋರಾಗಿ, ತಾಯಿ. ಠಣ್! ಠಣ್!

ಚೆಲುವಿ ನಿಂತಳು. ತಿರುಗಿದಳು. ಸದ್ದು ಬಂದ ಕಡೆಗೆ, ಅಂದರೆ ನೇರ ಮಕ್ಕಳ ಕಡೆಗೆ ಓಡಿಬಂದಳು. ನಡುವೆ ಕಂದಕವಿತ್ತು. ಅದರ ಆಳ ಆ ಮಕ್ಕಳಿಗೇನು ಗೊತ್ತು? ಕಂದಕದ ಅಂಚಿನಲ್ಲಿ ಅವಳು ಎರಡು ಕಾಲಿನ ಮೇಲೆ ಎದ್ದು ನಿಂತಾಗ ಎಲ್ಲವೂ ಒಟ್ಟಿಗೆ ಅತ್ತವು. ಮಿಸ್ ಕೂಡ ಅಳುತ್ತಿದ್ದರು. ಕೈ ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವಳು ಮತ್ತೆ ಅತ್ತ ತಿರುಗುತ್ತಾಳೆ. ಒಂದು ಪುಟ್ಟ ಕೈ ನನ್ನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಸದ್ದಿಗೆ ಜವರಯ್ಯ ತಲೆಯೆತ್ತಿದ್ದ. ಮಂಡಿ ನೋವಿನವನು, ಎದ್ದು ನಿಲ್ಲುವುದಕ್ಕೇ ಎಷ್ಟು ಹೊತ್ತಾಯಿತು! ಮರಿಗೌಡ ಓಡಿಬಂದು ಪಕ್ಕದ ಚಿಕ್ಕ ಗೇಟು ತೆರೆದು ಅವನನ್ನು ಹೊರಗೆ ಎಳೆದುಕೊಂಡ. ಕಂಬಳಿ ಒಳಗೇ ಉಳಿಯಿತು. ಸ್ವಲ್ಪ ಹೊತ್ತಿನಲ್ಲಿ ಚೆಲುವಿ ಹೋಗಿ ಅದನ್ನು ಮೂಸಿ, ಉಗುರಿನಿಂದ ಉದ್ದಕ್ಕೆ ಸೀಳಿದಳು.

ಜವರಯ್ಯ ಮೊದಲು ಕೇಳಿದ್ದು ಒಂದೇ ಮಾತು. "ಬಕೀಟು ಎಲ್ಲಿತ್ಲಾ?"

"ನಾನೇ ತಗುದೆ. ನಾನೇ ಕೊಕ್ಕೆ ನೋಡಿ, ಇಲ್ಲ ಅಂತ ಎಳುದ್ಬುಟ್ಟೆ ಕಣಣ್ಣೋ," ಎಂದ ಮರಿಗೌಡ.

ಜವರಯ್ಯ, "ಮಕ್ಳು ಹೆದ್ರುಕೊಂಡ್ವಾ?" ಎಂದ. ಅಷ್ಟೇ. ಅವತ್ತು ನನ್ನನ್ನು ತೊಳೆಯುವಾಗ ನಾನು ಅವನ ಕೈಯಿಂದ ಮೂರು ಸಲ ಜಾರಿ ಬಿದ್ದೆ.

ಮರುದಿನದಿಂದ ಹೊಸ ಕ್ರಮ ಬಂತು. ಸರಪಳಿ ಮುಟ್ಟುವ ಮುಂಚೆ "ಒಳಗ್ಯಾರವ್ರೇ?" ಎಂದು ಮೂರು ಸಲ ಕೂಗಬೇಕು. ಮಕ್ಕಳು ಬಂದಿದ್ದರೆ ಅವರೂ ಕೂಗಬೇಕು.

ಈಗ ನನ್ನ ತಳ ಕಳಚಿದೆ. ಆ ದಿನ ಡಬ್ಬಿಯ ಏಟಿಗೆ ಬಿದ್ದ ತಗ್ಗಿನಿಂದಲೇ ತುಕ್ಕು ಶುರುವಾಯಿತು. 'ಬೆಂಕಿ'ಯಲ್ಲಿ ಒಂದು ಅಕ್ಷರ ಹೋಗಿದೆ. ಜವರಯ್ಯ ನಿವೃತ್ತನಾಗಿ ಊರಿಗೆ ಹೋದ. ಕೊಕ್ಕೆಯಲ್ಲಿ ಹೊಸ ಪ್ಲಾಸ್ಟಿಕ್ ಬಕೆಟ್ ಇದೆ. ನನ್ನನ್ನು ಗುಜರಿಗೆ ಹಾಕಲು ಮರಿಗೌಡ ಬಿಡಲಿಲ್ಲ. ಓಣಿಯ ಮೂಲೆಯಲ್ಲಿ ಬೋರಲು ಬಿದ್ದಿದ್ದೇನೆ.

ಮಕ್ಕಳು ಬಂದಾಗ ಗೋಡೆಯಾಚೆಯಿಂದ ಕೂಗು ಕೇಳುತ್ತದೆ. ಒಳಗ್ಯಾರವ್ರೇ? ಆಮೇಲೆ ಸದ್ದಿಲ್ಲದ ಹೊತ್ತು. ಉತ್ತರ ಬರದಿದ್ದರೆ ಯಾರೂ ಇಲ್ಲ ಎಂದರ್ಥ ಎನ್ನುತ್ತಾರೆ. ನನಗೆ ಅಷ್ಟು ಧೈರ್ಯವಿಲ್ಲ. ಉತ್ತರ ಕೊಡಲಾಗದವರೂ ಇರುತ್ತಾರೆ. ನಾನೇ ಒಂದು ದಿನ ಹಾಗಿದ್ದೆನಲ್ಲ.

ಮರಿಗೌಡನಿಗೂ ಅಷ್ಟು ಧೈರ್ಯವಿಲ್ಲ. "ಬಿಡಿ ತಾತಾ, ಬೇಗ ಬಿಡಿ" ಎಂದು ಮಕ್ಕಳು ಎಷ್ಟು ಕುಣಿದರೂ, ಅವನು ಗೋಡೆ ಸುತ್ತಿ ಹೋಗಿ, ತೊಟ್ಟಿಯ ಹಿಂದೆ, ಬಂಡೆಯ ಹಿಂದೆ ಕಣ್ಣಾರೆ ನೋಡಿ ಬರುತ್ತಾನೆ. ಅವನ ಚಪ್ಪಲಿಯ ಸದ್ದು ಓಣಿಗೆ ಮರಳುವವರೆಗೂ ನಾನು ಉಸಿರು ಹಿಡಿದಿರುತ್ತೇನೆ.